ರಾಜಮಾರ್ಗದ ಊರುಗಳೂ ಕೋಟೆಗಳೂ

ಇಸ್ರಾಯೇಲ್ಯರು ಎದೋಮ್ ಸೀಮೆಯ ಅಂಚಿಗೆ ಬಂದಾಗ, ಮೋಶೆಯು ಅಲ್ಲಿಯ ಅರಸನ ಬಳಿಗೆ ದೂತರನ್ನು ಕಳುಹಿಸಿದನು. ತನ್ನ ಜನರು ಹೊಲತೋಟಗಳಿಗೆ ಕಾಲಿಡದೆ ರಾಜಮಾರ್ಗದಲ್ಲಿಯೇ ನಡೆದುಹೋಗುವರೆಂದೂ, ಕುಡಿದ ನೀರಿಗೆ ಕ್ರಯ ಕೊಡುವರೆಂದೂ ಅವನು ಹೇಳಿಸಿದ ಸಂಗತಿ ಅರಣ್ಯಕಾಂಡದ 20ನೆಯ ಅಧ್ಯಾಯದಲ್ಲಿರುವದು. ಅರಸನು ಒಪ್ಪಲಿಲ್ಲ. ಆ ಹೆಸರಿನ ದಾರಿಯು ಇಂದಿಗೂ ಜೋರ್ಡನ್ ರಾಜ್ಯದಲ್ಲಿ ಮೋಟಾರು ಓಡುವ ರಸ್ತೆಯಾಗಿ ಉಳಿದಿದೆ. ಸತ್ಯವೇದದ ಸ್ಥಳಗಳೂ ಮಧ್ಯಯುಗದ ಕೋಟೆಗಳೂ ಒಂದೇ ದಾರಿಯಲ್ಲಿ ಕೂಡಿಬಂದದ್ದು ಹೇಗೆಂಬದನ್ನು ನಾವು ಇಲ್ಲಿ ವಿವರಿಸುವೆವು.

ಅಮ್ಮಾನ್ ಪಟ್ಟಣದಿಂದ ಹೊರಟವರಿಗೆ ಮೊದಲು ಸಿಕ್ಕುವದು ಮಾದಬ. ಅಲ್ಲಿಯ ಸಂತ ಜಾರ್ಜರ ದೇವಾಲಯದ ನೆಲದಲ್ಲಿ, ಬಣ್ಣದ ಕಲ್ಲಿನ ಚೂರುಗಳಿಂದ 6ನೆಯ ಶತಮಾನದಲ್ಲಿ ರಚಿಸಿದ ಪವಿತ್ರ ದೇಶದ ನಕ್ಷೆಯಿದೆ. ಸಮೀಪದಲ್ಲಿಯೇ ಮೋಶೆಯು ವಾಗ್ದತ್ತ ದೇಶವನ್ನು ಕಣ್ಣಾರೆ ಕಂಡ ನೆಬೋ ಬೆಟ್ಟವಿದೆ. ತೆಂಕಣಕ್ಕೆ ಮುಂದುವರಿದರೆ ದೀಬೋನ್. ಮೋವಾಬಿನ ಅರಸನಾದ ಮೇಷನ ಶಾಸನವು 1868ರಲ್ಲಿ ಬೆಳಕಿಗೆ ಬಂದದ್ದು ಇಲ್ಲಿಯೇ. ಬಳಿಕ ರಸ್ತೆಯು ಅರ್ನೋನಿನ ಆಳವಾದ ಕಣಿವೆಗೆ ಸುತ್ತಿ ಸುತ್ತಿ ಇಳಿದು, ಮತ್ತೆ ಏರಿ ಕೆರಕ್ ಕೋಟೆಯನ್ನು ಮುಟ್ಟುವದು.

ಕೋಟೆಗಳಿಗೆ ಈ ಸ್ಥಳವೇ ಏಕೆ ಬೇಕಾಯಿತು? ಪೂರ್ವಕ್ಕೆ ಮರಳುಗಾಡು, ಪಶ್ಚಿಮಕ್ಕೆ ಮೃತಸಮುದ್ರದ ತಗ್ಗು. ನಡುವಣ ಎತ್ತರದ ನೆಲದಲ್ಲಿ ಮಾತ್ರ ಮಳೆಯೂ ಬುಗ್ಗೆಗಳೂ ಉಂಟು. ಆದುದರಿಂದ ದಮಸ್ಕದಿಂದ ಐಗುಪ್ತಕ್ಕೂ ಅರಬಸ್ಥಾನಕ್ಕೂ ಹೋಗುವ ವರ್ತಕರ ಒಂಟೆಸಾಲುಗಳು ಈ ಸೀಮೆಯನ್ನು ಹಾದುಹೋಗುತ್ತಿದ್ದವು. ದಾರಿಯನ್ನು ಕಾಯುವವನಿಗೆ ಸುಂಕ ದೊರೆಯುತ್ತಿತ್ತು. ಕ್ರೂಸೇಡ್ ಯುದ್ಧಗಳ ಕಾಲದಲ್ಲಿ ಯೆರೂಸಲೇಮನ್ನು ಆಳಿದ ಮೊದಲನೆಯ ಬಾಲ್ಡ್ವಿನ್ ಅರಸನು 1115ರಲ್ಲಿ ಶೋಬಕ್ ಕೋಟೆಯನ್ನು ಕಟ್ಟಿಸಿದನು. 1142ರಲ್ಲಿ ಕೆರಕ್ ಕೋಟೆಯ ಕೆಲಸ ಆರಂಭವಾಯಿತು. ಶೋಬಕಿನಲ್ಲಿ ಬೆಟ್ಟದ ಹೊಟ್ಟೆಯನ್ನು ಕೊರೆದು, ನೀರಿನ ವರೆಗೆ ನೂರಾರು ಮೆಟ್ಟಲುಗಳನ್ನು ಇಳಿಸಿದ್ದಾರೆ.

ಕೆರಕಿನ ಒಡೆಯನಾದ ರೇನಾಲ್ಡನು ಸುಂಕದಿಂದ ತೃಪ್ತನಾಗಲಿಲ್ಲ. ಸಂಧಿಯ ಕಾಲದಲ್ಲಿಯೂ ಅವನು ವರ್ತಕರನ್ನು ಸುಲಿದನು. ಇದರಿಂದ ಕೆರಳಿದ ಸಲಾದೀನನು 1187ರಲ್ಲಿ ಹತ್ತೀನ್ ಯುದ್ಧವನ್ನು ಗೆದ್ದು ಅವನನ್ನು ಕೊಂದನು. ಮರುವರುಷ ಕೆರಕ್ ಕೋಟೆಯೂ, 1189ರಲ್ಲಿ ಶೋಬಕ್ ಕೋಟೆಯೂ ಶರಣಾದವು. ದೀರ್ಘ ಮುತ್ತಿಗೆಯಲ್ಲಿ ಅವುಗಳನ್ನು ಸೋಲಿಸಿದ್ದು ಹಸಿವು. ದಾರಿಯಿಂದ ಬದುಕಿದ ಕೋಟೆಗಳಿಗೆ ದಾರಿ ಮುಚ್ಚಿದ ಮೇಲೆ ಗೋಡೆಗಳ ದಪ್ಪವು ಉಪಯೋಗಕ್ಕೆ ಬರಲಿಲ್ಲ.

ಮಕ್ಕಳಿಗೆ ಪಾಠ ಹೇಳುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಭೂಪಟದಲ್ಲಿ ಈ ದಾರಿಯನ್ನೊಮ್ಮೆ ಬೆರಳಿಟ್ಟು ತೋರಿಸಲಿ. ನೀರಿಗೆ ಕ್ರಯ ಕೊಡುವೆನೆಂದ ಮೋಶೆಯ ಮಾತಿನ ಬೆಲೆ ಆಗ ಮಕ್ಕಳಿಗೆ ತಾನಾಗಿಯೇ ತಿಳಿಯುವದು.