ಬೀಜದಿಂದ ಕಾಲಂಬೈನ್: ನೆರಳಿನ ಹೂದೋಟದ ಒಂದು ಸಸ್ಯ

ಆಂಗ್ಲ ಸಾಹಿತ್ಯವನ್ನು ಓದುವವರಿಗೂ ಓದಿಸುವವರಿಗೂ ಕಾಲಂಬೈನ್ ಎಂಬ ಹೂವಿನ ಹೆಸರು ಅಪರಿಚಿತವಲ್ಲ. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ನಾಲ್ಕನೆಯ ಅಂಕದಲ್ಲಿ ಬುದ್ಧಿಭ್ರಮಣೆಗೊಂಡ ಒಫೀಲಿಯ ಹಂಚುವ ಹೂಗಳಲ್ಲಿ ಇದೂ ಒಂದು. ಸ್ಪೆನ್ಸರನು 1579ರಲ್ಲಿ ಪ್ರಕಟಿಸಿದ 'ದಿ ಷೆಪರ್ಡ್ಸ್ ಕ್ಯಾಲೆಂಡರ್' ಕಾವ್ಯದ ಏಪ್ರಿಲ್ ಭಾಗದಲ್ಲಿ, ರಾಣಿಯ ಗೌರವಕ್ಕಾಗಿ ತರಿಸುವ ಹೂಗಳ ನಡುವೆ ಇದರ ಹೆಸರಿದೆ. ಕೂಲಿಗಾರರ ಮನೆಯಲ್ಲಿ ಹುಟ್ಟಿದ ಕವಿ ಜಾನ್ ಕ್ಲೇರನು ಇದನ್ನು ಹಳ್ಳಿಮನೆಗಳ ಹೂದೋಟಕ್ಕೆ ಸೇರಿದ ಹೂವೆಂದು ವರ್ಣಿಸಿದನು. ಪಾಠಹೇಳುವಾಗ ಇದನ್ನು 'ಒಂದು ಬಗೆಯ ಹೂ' ಎಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಅರಮನೆಯ ನಾಟಕಕ್ಕೂ ಬಡವನ ಅಂಗಳಕ್ಕೂ ಸಮನಾಗಿ ಸಲ್ಲುವ ಹೂವು ಇಷ್ಟು ಶತಮಾನಗಳ ಕಾಲ ಹೇಗೆ ಉಳಿದು ಬಂದಿತೆಂಬುದು ವಿಚಾರಾರ್ಹವಾಗಿದೆ. ಅದು ಉಳಿದುದು ಬೇರಿನ ಬಲದಿಂದಲ್ಲ, ಬೀಜದ ಬಲದಿಂದ.

ಈ ಸಸ್ಯಕ್ಕೆ ಶಾಸ್ತ್ರದಲ್ಲಿ ಅಕ್ವಿಲೀಜಿಯ ವಲ್ಗಾರಿಸ್ ಎಂದು ಹೆಸರು. 1753ರಲ್ಲಿ ಲಿನೀಯಸನು ಇದನ್ನು ಗ್ರಂಥಸ್ಥಗೊಳಿಸಿದನು. ಕನ್ನಡನಾಡಿನ ಅಡಿಗೆಮನೆ ಬಲ್ಲ ಕರಿಜೀರಿಗೆಯೂ, ವೈದ್ಯರು ಬಲ್ಲ ವತ್ಸನಾಭಿಯೂ ಇದರ ಕುಟುಂಬಕ್ಕೇ ಸೇರಿದವು. ಬಳ್ಳುಬಿದ್ದ ಹೂವಿನಲ್ಲಿ ಬಣ್ಣದ ಪುಷ್ಪಪತ್ರಗಳು ಐದು, ಅವುಗಳ ನಡುವೆ ದಳಗಳು ಐದು. ಒಂದೊಂದು ದಳವೂ ಹಿಂದಕ್ಕೆ ಟೊಳ್ಳಾದ ಕೊಂಬಾಗಿ ಬೆಳೆದು, ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಆ ಕೊಂಬಿನ ಕೊನೆಯಲ್ಲಿ ಮಕರಂದವಿದೆ. ಹೂವನ್ನು ಮೇಲುಕೆಳಗು ಮಾಡಿ ನೋಡಿದರೆ ಐದು ಪಾರಿವಾಳಗಳು ತಲೆಗೂಡಿಸಿ ಕುಳಿತಂತೆ ಕಾಣುವುದು. ಪಾರಿವಾಳಕ್ಕೆ ಲ್ಯಾಟಿನಿನಲ್ಲಿ ಕೊಲುಂಬ ಎಂಬ ಮಾತುಂಟು. ಕಾಲಂಬೈನ್ ಎಂಬ ಹೆಸರು ಅದರಿಂದ ಬಂದುದು. ಅಕ್ವಿಲೀಜಿಯ ಎಂಬುದನ್ನು ಹದ್ದಿಗೆ ಹೆಸರಾದ ಅಕ್ವಿಲ ಎಂಬ ಮಾತಿನಿಂದ ಬಿಡಿಸುವವರು ಅದೇ ಕೊಂಬುಗಳಲ್ಲಿ ಹದ್ದಿನ ಉಗುರುಗಳನ್ನು ಕಂಡರು. ಹೀಗೆ ಒಂದೇ ಹೂವು ಹಿಂಸಕ ಪಕ್ಷಿಯ ಹೆಸರನ್ನೂ ಸಾಧು ಪಕ್ಷಿಯ ಹೆಸರನ್ನೂ ಹೊತ್ತಿದೆ. ಪಾರಿವಾಳವು ಕ್ರೈಸ್ತರಲ್ಲಿ ಪವಿತ್ರಾತ್ಮದ ಸಂಕೇತವಾದುದರಿಂದ, ಹೂಗೋ ವಾನ್ ಡೆರ್ ಗೂಸ್ ಎಂಬ ಚಿತ್ರಕಾರನು ಸುಮಾರು 1475ರಲ್ಲಿ ಬರೆದ ಕ್ರಿಸ್ತಜನನದ ಚಿತ್ರದಲ್ಲಿ, ಮುಂಭಾಗದ ಗಾಜಿನ ಪಾತ್ರೆಯೊಂದರಲ್ಲಿ ಈ ಹೂಗಳನ್ನಿಟ್ಟನು. ಆ ಚಿತ್ರವನ್ನು ಫ್ಲಾರೆನ್ಸಿನ ಉಫೀಜಿ ಚಿತ್ರಶಾಲೆಯಲ್ಲಿ ಕಾಣಬಹುದು.

ಕಾಲಂಬೈನ್ ಮೂಲತಃ ಐರೋಪ್ಯ ಕಾಡಂಚಿನ ಸಸ್ಯ. ಮರಗಳು ಚಿಗುರುವುದಕ್ಕೆ ಮೊದಲು ಅದಕ್ಕೆ ಬಿಸಿಲು ದೊರೆಯುವುದು. ಅನಂತರ ಬೇಸಗೆಯುದ್ದಕ್ಕೂ ಎಲೆಗಳ ನೆರಳು. ಇಂಗ್ಲೆಂಡಿನ ಹಳ್ಳಿಮನೆಯ ಹೂದೋಟದಲ್ಲಿ ಗೋಡೆಯ ಮರೆಯೂ ಸೇಬಿನ ಮರದ ಅಡಿಯೂ ಈ ಸ್ಥಿತಿಯನ್ನೇ ಒದಗಿಸುತ್ತವೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಇಂಥ ತಾವಿನಲ್ಲಿ ಹೂಗಳು ಬೇಗ ಬಾಡುವುದಿಲ್ಲ. ಆದರೆ ನೆರಳೆಂದರೆ ಕತ್ತಲೆಯಲ್ಲ. ಬೆಳಕೇ ಕಾಣದ ಮೂಲೆಯಲ್ಲಿ ಗಿಡವು ಬಡವಾಗಿ ಹೂ ಕಡಮೆಯಾಗುವುದು. ಮಣ್ಣು ತೇವವನ್ನು ಹಿಡಿದಿರಬೇಕು, ಆದರೆ ನೀರು ನಿಲ್ಲಬಾರದು. ಮರದ ಬೇರುಗಳು ನೀರನ್ನು ಹೀರುವ ಕಡೆ ಕೊಳೆತ ಎಲೆಗೊಬ್ಬರವನ್ನು ಧಾರಾಳವಾಗಿ ಬೆರಸುವುದು ಅಗತ್ಯ.

ಬಿತ್ತನೆಯ ವಿಷಯದಲ್ಲಿ ಹೊಸಬರು ಎಡವುವುದು ಆತುರದಿಂದ. ಹೂವು ಅರಳಿದಾಗ ತಲೆಬಾಗಿದ್ದರೂ ಕಾಯಿ ಬಲಿಯುವಾಗ ನೆಟ್ಟಗೆ ನಿಲ್ಲುತ್ತದೆ. ಒಣಗಿ ಬಾಯಿಬಿಟ್ಟ ಐದು ಸೀಳುಕಾಯಿಗಳ ಗೊಂಚಲನ್ನು ಗಾಳಿ ಅಲುಗಿಸಿದಾಗ, ಸಾಸುವೆಯ ಗಾತ್ರದ ನುಣುಪಾದ ಕರಿಯ ಬೀಜಗಳು ಸುತ್ತ ಚೆಲ್ಲುವುವು. ಹೀಗೆ ಚೆಲ್ಲಿದ ಬೀಜದೊಳಗಿನ ಅಂಕುರವು ಇನ್ನೂ ಪೂರ್ಣವಾಗಿ ಬೆಳೆದಿರುವುದಿಲ್ಲ. ತೇವದಲ್ಲಿದ್ದು, ಚಳಿಗಾಲವೊಂದನ್ನು ಕಳೆದು, ಅದು ಒಳಗೇ ಬಲಿತ ಮೇಲೆ ಮೊಳೆಯುವುದು ಸಹಜಕ್ರಮ. ಬೇಸಗೆಯ ಕೊನೆಯಲ್ಲಿ ಉದುರಿದ ಬೀಜವು ಅಕಾಲದಲ್ಲಿ ಮೊಳೆತು ಹಿಮಕ್ಕೆ ಸಿಕ್ಕಿ ಸಾಯದಿರಲೆಂದು ಪ್ರಕೃತಿಯು ಹಾಕಿದ ಕಟ್ಟು ಇದು. ಡಬ್ಬಿಯಲ್ಲಿ ಒಣಗಿಸಿಟ್ಟ ಹಳೆಯ ಬೀಜವನ್ನು ವಸಂತದಲ್ಲಿ ಬಿತ್ತಿ ಎರಡು ವಾರದಲ್ಲಿ ಮೊಳಕೆಯನ್ನು ನಿರೀಕ್ಷಿಸುವವರು ನಿರಾಶರಾಗುವುದು ಈ ಕಾರಣದಿಂದಲೇ.

ಆದುದರಿಂದ ಕಾಯಿ ಒಡೆದೊಡನೆ, ಎಂದರೆ ಇಂಗ್ಲೆಂಡಿನಲ್ಲಿ ಜುಲೈ ತಿಂಗಳ ಸುಮಾರಿಗೆ, ತಾಜಾ ಬೀಜವನ್ನು ಬಿತ್ತುವುದು ಉತ್ತಮ. ಹಳೆಯ ಬೀಜವಾದರೆ ತೇವವಾದ ಮರಳಿನಲ್ಲಿ ಬೆರಸಿ ಮೂರು ನಾಲ್ಕು ವಾರ ರೆಫ್ರಿಜರೇಟರಿನಲ್ಲಿಟ್ಟು ಕೃತಕವಾಗಿ ಚಳಿಯನ್ನು ಉಣಿಸಬಹುದು. ಬೀಜವನ್ನು ಆಳವಾಗಿ ಹೂಳಬಾರದು. ಮೊಳೆಯಲು ಬೆಳಕು ಸಹಾಯಕವಾದುದರಿಂದ ಮಣ್ಣಿನ ಮೇಲೆ ಉದುರಿಸಿ, ಸಣ್ಣ ಮರಳನ್ನು ತೆಳ್ಳಗೆ ಎರಚಿದರೆ ಸಾಕು. ಕುಂಡವನ್ನು ನೆರಳಿನಲ್ಲಿಟ್ಟು ತೇವವಾರದಂತೆ ಕಾಯಬೇಕು. ತಡವಾಯಿತೆಂದು ಕುಂಡದ ಮಣ್ಣನ್ನು ಚೆಲ್ಲಬಾರದು. ಕೆಲವು ಬೀಜಗಳು ಮುಂದಿನ ವಸಂತಕ್ಕೆ ಮೊಳೆಯುವುದುಂಟು. ಸಸಿಯು ಬಲುಬೇಗ ತಾಯಿಬೇರನ್ನು ಕೆಳಗಿಳಿಸುವುದರಿಂದ, ಎರಡು ಮೂರು ನಿಜವಾದ ಎಲೆಗಳು ಮೂಡಿದಾಗಲೇ ಎತ್ತಿ ನೆಡತಕ್ಕದ್ದು. ಬೇರಿಳಿದ ದೊಡ್ಡ ಗಿಡವನ್ನು ಕೀಳುವುದು ಅದಕ್ಕೆ ಅಪಾಯ. ಮೊದಲ ವರ್ಷ ಎಲೆ ಮಾತ್ರ. ಚಳಿಗಾಲವೊಂದನ್ನು ಅನುಭವಿಸಿದ ಮೇಲೆ ಎರಡನೆಯ ವರ್ಷದ ಮೇ ತಿಂಗಳಲ್ಲಿ ಹೂವು.

ಇಷ್ಟು ಕಾದು ಪಡೆದ ಗಿಡವೂ ಚಿರಾಯುವಲ್ಲ. ಕೆಲವೇ ವರ್ಷ ಚೆನ್ನಾಗಿ ಹೂಬಿಟ್ಟು ಅದು ಕ್ಷೀಣಿಸುವುದು. ಅಷ್ಟರಲ್ಲಿ ಅದರ ಬೀಜದಿಂದ ಹುಟ್ಟಿದ ಮರಿಗಳು ಸುತ್ತ ನಿಂತಿರುತ್ತವೆ. ಆದರೆ ಮರಿಗಳು ತಾಯಿಯಂತೆಯೇ ಇರುವುದಿಲ್ಲ. ಕಾಲಂಬೈನ್ ಜಾತಿಗಳು ಪರಸ್ಪರ ಸುಲಭವಾಗಿ ಬೆರೆಯತಕ್ಕವು. ಸ್ವಸ್ಥಳಗಳಲ್ಲಿ ಅವುಗಳನ್ನು ಬೇರೆಬೇರೆಯಾಗಿ ಇರಿಸಿರುವ ಕಾರಣಗಳಲ್ಲಿ ದೂರ ಒಂದಾದರೆ, ಪರಾಗವನ್ನು ಸಾಗಿಸುವ ಜೀವಿಗಳ ಭೇದ ಇನ್ನೊಂದು. ಐರೋಪ್ಯ ಜಾತಿಯ ಗಿಡ್ಡ ಕೊಂಬಿಗೆ ಉದ್ದನಾಲಗೆಯ ದುಂಬಿ ತಕ್ಕುದು. ಅಮೆರಿಕದ ಕೆಂಪು ಹೂಗಳಿಗೆ ಹಮಿಂಗ್ ಹಕ್ಕಿ. ಅಲ್ಲಿಯ ಅತಿ ನೀಳವಾದ ಕೊಂಬಿನ ಹೂಗಳಿಗೆ ನೀಳನಾಲಗೆಯ ಪತಂಗ. ಉತ್ತರ ಅಮೆರಿಕದ ಜಾತಿಗಳಲ್ಲಿ ಪರಾಗವಾಹಕ ಬದಲಾದಂತೆಲ್ಲ ಕೊಂಬು ಹಂತಹಂತವಾಗಿ ನೀಳವಾಯಿತೆಂದು ವಿಟಾಲ್ ಮತ್ತು ಹಾಜಸ್ ಎಂಬ ವಿದ್ವಾಂಸರು 2007ರಲ್ಲಿ ತೋರಿಸಿದರು. ತೋಟದಲ್ಲಾದರೋ ದೂರದೇಶದ ಜಾತಿಗಳು ನೆರೆಹೊರೆಯಾಗುತ್ತವೆ, ದುಂಬಿ ಭೇದವೆಣಿಸದೆ ಎಲ್ಲಕ್ಕೂ ಹೋಗುತ್ತದೆ. ಕೆಲವೇ ತಲೆಮಾರುಗಳಲ್ಲಿ ಬಣ್ಣ ರೂಪಗಳೆಲ್ಲ ಕಲೆತುಹೋಗುವುವು.

ಆದುದರಿಂದ ಇಲ್ಲಿ ತೋಟಗಾರನ ಕೆಲಸವು ಗ್ರಂಥಸಂಪಾದಕನ ಕೆಲಸವನ್ನು ಹೋಲುತ್ತದೆ. ಓಲೆಯ ಪ್ರತಿಯಿಂದ ಪ್ರತಿಗೆ ಪಾಠಾಂತರಗಳು ಸೇರುವಂತೆ, ಬೀಜದಿಂದ ಬೀಜಕ್ಕೆ ಭೇದಗಳು ಸೇರುತ್ತವೆ. ಬೇಡವಾದುದನ್ನು ಬೀಜಕಟ್ಟುವ ಮೊದಲೇ ಕಿತ್ತು, ಬೇಕಾದುದನ್ನು ಉಳಿಸಬೇಕು. ಸರಿ ಕೌಂಟಿಯ ಮನ್‌ಸ್ಟೆಡ್ ವುಡ್ ತೋಟದ ಗರ್ಟ್ರೂಡ್ ಜೀಕಿಲ್ (1843–1932) ಅವರ ಹೆಸರಿನೊಡನೆ ಸೇರಿಬಂದಿರುವ 'ಮನ್‌ಸ್ಟೆಡ್ ವೈಟ್' ಎಂಬ ಬಿಳಿಯ ಬಗೆ ಇಂದಿಗೂ ಬೀಜದಿಂದ ಬೆಳೆಯುತ್ತಿದೆ. ಬೇರೆ ಬಣ್ಣದವುಗಳಿಂದ ದೂರವಿಟ್ಟಲ್ಲಿ ಮಾತ್ರ ಅದು ಶುದ್ಧವಾಗಿ ಉಳಿಯುವುದು. ಕೊಂಬಿಲ್ಲದ ಸುತ್ತುದಳದ ಇನ್ನೊಂದು ಬಗೆಗೆ ಡಾರ್ವಿನನ ಮೊಮ್ಮಗಳಾದ ನೋರ ಬಾರ್ಲೋ ಅವರ ಹೆಸರಿದೆ. ಡಾರ್ವಿನನ ಆತ್ಮಚರಿತ್ರೆಯಿಂದ ಹಿಂದೆ ಬಿಟ್ಟಿದ್ದ ಭಾಗಗಳನ್ನು ಮರಳಿ ಸೇರಿಸಿ 1958ರಲ್ಲಿ ಅಚ್ಚಿಗೆ ಕೊಟ್ಟವರೂ ಅವರೇ.

ಈ ಪರಂಪರೆಗೆ ಈಗ ಹೊಸತೊಂದು ವಿಪತ್ತು ಒದಗಿದೆ. ಎಲೆಗಳಲ್ಲಿ ಹಳದಿಯ ಮಚ್ಚೆಗಳನ್ನೂ ಅಡಿಯಲ್ಲಿ ಬೂಷ್ಟನ್ನೂ ಉಂಟುಮಾಡುವ ಪೆರೊನೊಸ್ಪೋರ ಜಾತಿಯ ರೋಗವೊಂದು 2013ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. ಅದು ಹೂಕಾಂಡವನ್ನು ಹೊಕ್ಕರೆ ಹೂವೂ ಬೀಜವೂ ಕೆಡುವುವು. ಮನೆಯ ತೋಟಗಾರನು ಬಳಸಬಹುದಾದ ಔಷಧ ಇದಕ್ಕಿಲ್ಲ. ರೋಗ ತಗುಲಿದ ಗಿಡವನ್ನು ತಡಮಾಡದೆ ಕಿತ್ತು ನಾಶಮಾಡುವುದು, ಅಲ್ಲಿಯೇ ಮತ್ತೆ ಕಾಲಂಬೈನನ್ನು ನೆಡದಿರುವುದು, ಇವೇ ಉಪಾಯಗಳು. ಒಂದೇ ತೋಟದಲ್ಲಿ ಕೂಡಿಟ್ಟ ಸಂಗ್ರಹವು ಒಂದೇ ರೋಗಕ್ಕೆ ಬಲಿಯಾಗಬಹುದು. ಆರೋಗ್ಯವಾದ ಗಿಡದ ಬೀಜವು ಹಲವು ಅಂಗಳಗಳಲ್ಲಿ ಹಂಚಿದ್ದರೆ, ಒಂದು ಕಡೆ ಅಳಿದರೂ ಮತ್ತೊಂದು ಕಡೆ ಅದರ ಬಳಿ ಉಳಿದೀತು. ಹಿಂದೆ ಹಳ್ಳಿಯವರು ಹಿಡಿಬೀಜವನ್ನು ನೆರೆಮನೆಗೆ ಕೊಟ್ಟು ತಂದುದರಲ್ಲಿ ಈ ರಕ್ಷಣೆ ಅಡಗಿದ್ದಿತು. ಒಫೀಲಿಯಳ ಹೂವು ಗ್ರಂಥದಲ್ಲಿ ಸುರಕ್ಷಿತವಾಗಿದೆ. ತೋಟದಲ್ಲಿ ಅದು ಉಳಿಯಬೇಕಾದರೆ ಯಾರಾದರೊಬ್ಬರು ಪ್ರತಿವರ್ಷವೂ ಬಿತ್ತಬೇಕು.