ಬಾಟಲ್ ಮರದ ಬೋನ್ಸಾಯ್: ಮೊದಲು ಹೊಟ್ಟೆ, ಆಮೇಲೆ ಕುಂಡ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದರೆ ಒಂದು ಮರವನ್ನು ಕಲ್ಪಿಸಿಕೊಳ್ಳಿ. ಹೂಜಿಯ ಹಾಗೆ ಉಬ್ಬಿದ ಕಾಂಡ, ಮೇಲೆ ಸಣ್ಣ ಕತ್ತು, ಅದರ ಮೇಲೆ ಒಂದಿಷ್ಟು ಹಸಿರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಬಾಟಲ್ ಟ್ರೀ ಇರೋದೇ ಹಾಗೆ. ಸಸ್ಯಶಾಸ್ತ್ರದಲ್ಲಿ ಬ್ರಾಕಿಕೈಟನ್ ರುಪೆಸ್ಟ್ರಿಸ್. 20 ಮೀಟರ್ ತನಕ ಏರುವ ಈ ಮರವನ್ನು ಸಣ್ಣ ಕುಂಡದಲ್ಲಿ ಬೆಳೆಸೋದು ಅಲ್ಲಿನ ಬೋನ್ಸಾಯ್ ಪ್ರಿಯರ ಹುಚ್ಚು.

ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮರ ನೋಡಿದವರು 'ಇದು ಅದೇ ಅಲ್ವಾ?' ಅಂತ ಕೇಳಬಹುದು. ಅಲ್ಲ. ಅದು ಆಫ್ರಿಕಾದ ಬಾವೊಬಾಬ್. ಎರಡೂ ದಾಸವಾಳದ ಕುಟುಂಬದವು, ದೂರದ ನೆಂಟರು ಅಷ್ಟೆ.

ಆ ಹೊಟ್ಟೆ ಯಾಕೆ? ಮಧ್ಯ ಕ್ವೀನ್ಸ್‌ಲ್ಯಾಂಡ್‌ನಿಂದ ನ್ಯೂ ಸೌತ್ ವೇಲ್ಸ್‌ನ ಉತ್ತರದವರೆಗೆ ಇದರ ತವರು. ಮಳೆಯನ್ನು ನಂಬೋ ಹಾಗಿಲ್ಲದ ಸೀಮೆ. ಮಳೆ ಬಂದಾಗ ಕಾಂಡದ ಮೆತ್ತನೆ ತಿರುಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತೆ, ಬರ ಬಂದರೆ ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತೆ. ಬರಗಾಲದಲ್ಲಿ ರೈತರು ಈ ಮರ ಕಡಿದು ದನಗಳಿಗೆ ಮೇವು ಹಾಕಿದ್ದೂ ಉಂಟು. ಅಲ್ಲಿನ ಮೂಲನಿವಾಸಿಗಳು ಎಳೆ ಗಿಡದ ಬೇರು ತಿನ್ನುತ್ತಿದ್ದರು, ನಾರಿನಿಂದ ಬಲೆ ಹೆಣೆಯುತ್ತಿದ್ದರು.

ಈಗ ಬೋನ್ಸಾಯ್‌ಗೆ ಬರೋಣ. ಬೋನ್ಸಾಯ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ತಟ್ಟೆಯಂಥ ಕುಂಡ. ಆದರೆ ಬಾಟಲ್ ಮರದ ಸಸಿಯನ್ನು ಮೊದಲ ದಿನವೇ ಅದರಲ್ಲಿ ಕೂರಿಸಿದರೆ ಹೊಟ್ಟೆ ಬರೋದೇ ಇಲ್ಲ, ಅಥವಾ ಆಮೆಯ ವೇಗದಲ್ಲಿ ಬರುತ್ತೆ. ಬೇರಿಗೆ ಜಾಗ ಸಿಕ್ಕಿ, ಮೇಲೆ ಎಲೆ ತುಂಬಿದಾಗ ಮಾತ್ರ ಕಾಂಡ ದಪ್ಪವಾಗೋದು. ಹಾಗಾಗಿ ಮೊದಲ ಕೆಲವು ವರ್ಷ ನೆಲದಲ್ಲೋ ದೊಡ್ಡ ಕುಂಡದಲ್ಲೋ ಸ್ವತಂತ್ರವಾಗಿ ಬೆಳೆಯಲು ಬಿಡಬೇಕು. ತುಂಬ ಉದ್ದವಾಯಿತಾ, ಕತ್ತರಿಸಿ. ಕತ್ತರಿಸಿದ ಜಾಗದ ಕೆಳಗಿಂದ ಹೊಸ ಚಿಗುರು ಒಡೆಯುತ್ತೆ. ಚಿಕ್ಕ ಸಸಿಯ ತಾಯಿಬೇರೇ ಗೆಡ್ಡೆಯ ಹಾಗೆ ಊದಿಕೊಂಡಿರುತ್ತೆ. ಪ್ರತಿ ಸಲ ಕುಂಡ ಬದಲಿಸುವಾಗ ಅದನ್ನು ಸ್ವಲ್ಪ ಮೇಲಕ್ಕೆ ಎತ್ತಿ ನೆಟ್ಟರೆ, ಆ ಗೆಡ್ಡೆಯೂ ಹೊಟ್ಟೆಯ ಭಾಗವಾಗಿಬಿಡುತ್ತೆ. ಒಳ್ಳೇ ಮೋಸ!

ಬೇರು ಕತ್ತರಿಸಿದರೆ ಸಾಯುತ್ತಾ ಅನ್ನೋ ಭಯ ಬೇಡ. ದೊಡ್ಡ ಮರವನ್ನೇ ಬೇರು ಸಮೇತ ಕಿತ್ತು ಬೇರೆಡೆ ನೆಟ್ಟರೂ ಬದುಕುವ ಜಾತಿ ಇದು. ಆದರೆ ಚಿಗುರುವ ಕಾಲದಲ್ಲೇ ಮಾಡಿ. ಅಲ್ಲಿ ಅದು ಸೆಪ್ಟೆಂಬರ್ ಆಸುಪಾಸು, ಅಂದ್ರೆ ಅವರ ವಸಂತ. ಟೊಂಗೆಗೆ ತಂತಿ ಸುತ್ತಿದರೆ ಆಗಾಗ ನೋಡುತ್ತಿರಿ, ತೊಗಟೆಯೊಳಗೆ ಬೇಗ ಕಚ್ಚಿಕೊಳ್ಳುತ್ತೆ.

ಗಟ್ಟಿಮುಟ್ಟು ಅನ್ನೋ ಈ ಗುಣವೇ ಮರಕ್ಕೆ ಮುಳುವೂ ಹೌದು. ಬೆಳೆದ ಮರಕ್ಕೆ ಬೇಡಿಕೆ ಇದೆ, ಕಿತ್ತರೂ ಬದುಕುತ್ತೆ. ಇದು ಬೆಳೆಯುವ ಬ್ರಿಗಲೋ ಪಟ್ಟಿಯ ಒಣ ಬಳ್ಳಿಗಾಡುಗಳನ್ನು ಅಳಿವಿನಂಚಿನವು ಅಂತ ಆಸ್ಟ್ರೇಲಿಯಾ ಸರ್ಕಾರವೇ ಗುರುತಿಸಿದೆ. ಅದೇ ಕ್ವೀನ್ಸ್‌ಲ್ಯಾಂಡ್‌ನ ರೋಮಾ ಪಟ್ಟಣದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನ ಸೈನಿಕರ ನೆನಪಿಗೆ, 1918ರಿಂದ 1920ರ ನಡುವೆ, ತಲೆಗೊಂದರಂತೆ ಬಾಟಲ್ ಮರ ನೆಟ್ಟರು. ಆ ಸಾಲಿನ ಹೆಸರು ಹೀರೋಸ್ ಅವೆನ್ಯೂ. ಒಂದೆಡೆ ಮರವೇ ಸ್ಮಾರಕ, ಇನ್ನೊಂದೆಡೆ ಅದರ ಕಾಡಿಗೆ ಬುಲ್ಡೋಜರ್. ಹಾಗಾಗಿ ಬೋನ್ಸಾಯ್‌ಗೆ ಕಾಡಿನ ಗಿಡ ಬೇಡ, ಬೀಜದಿಂದ ಎಬ್ಬಿಸಿದ ನರ್ಸರಿ ಸಸಿ ಸಾಕು. ಬೀಜ ನೀವೇ ಬಿಡಿಸುವುದಾದರೆ ಕೈಗವಸು ಹಾಕಿ. ಕಾಯಿಯೊಳಗಿನ ಸಣ್ಣ ರೋಮ ಚರ್ಮಕ್ಕೆ ತಾಗಿದರೆ ನಮ್ಮ ನಸುಗುನ್ನಿ ನೆನಪಾಗುತ್ತೆ.

ಇನ್ನು ನೀರು. ಕುಂಡದಲ್ಲಿ ಈ ಮರವನ್ನು ಕೊಲ್ಲೋದು ಬಹಳ ಸಲ ಬಿಸಿಲಲ್ಲ, ಪ್ರೀತಿ. ದಿನಾ ಬೆಳಗ್ಗೆ ಒಂದು ಲೋಟ ಸುರಿಯೋ ಪ್ರೀತಿ. ಜಲ್ಲಿಚೂರು, ದಪ್ಪ ಮರಳು ಜಾಸ್ತಿ ಇರುವ ಮಣ್ಣು ಹಾಕಿ, ಪೂರ್ತಿ ಬಿಸಿಲಲ್ಲಿಡಿ, ಮೇಲ್ಮಣ್ಣು ಒಣಗಿದ ಮೇಲೆ ಚೆನ್ನಾಗಿ ನೀರು ಕೊಡಿ. ಒಂದು ದಿನ ಎಲೆಯೆಲ್ಲ ಉದುರಿತು ಅಂದ್ರೆ ಗಾಬರಿಯಾಗಿ ಬಿಂದಿಗೆ ಎತ್ತಬೇಡಿ. ಕಾಂಡವನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಗಿಡ ವಿಶ್ರಾಂತಿಯಲ್ಲಿದೆ, ನೀರು ಇನ್ನೂ ಕಮ್ಮಿ ಮಾಡಿ, ಚಿಗುರಿಗೆ ಕಾಯಿರಿ. ಮೆತ್ತಗಾಗಿದ್ದರೆ ಒಳಗೆ ಕೊಳೆಯುತ್ತಿದೆ. ಆಗ ಕುಂಡದಿಂದ ತೆಗೆದು, ಕಪ್ಪಾದ ಬೇರು ಕತ್ತರಿಸಿ, ಗಾಯ ಒಣಗಿದ ಮೇಲೆ ಹೊಸ ಒಣ ಮಣ್ಣಲ್ಲಿ ನೆಡಿ.