ಮೀನಿನ ಹಿಂಡು ಹೇಳುವ ಮಾತು



ಭದ್ರಾ ನಾಲೆಯ ನೀರು ಕುಕ್ಕುವಾಡದ ಕಡೆ ಹರಿದಾಗ ಗದ್ದೆಗಾಲುವೆಯಲ್ಲಿ ಸಣ್ಣ ಮೀನುಗಳ ಹಿಂಡನ್ನು ನೀವು ಕಂಡೇ ಇರುತ್ತೀರಿ. ಒಂದು ಹೊರಳಿದರೆ ಎಲ್ಲವೂ ಹೊರಳುತ್ತವೆ. ಇವಕ್ಕೆ ಮುಂದಾಳು ಯಾರು? ಯಾರೂ ಇಲ್ಲ. ಪ್ರತಿಯೊಂದು ಮೀನೂ ಪಕ್ಕದ್ದನ್ನು ಕಣ್ಣಿನಿಂದ ನೋಡುತ್ತದೆ. ಮೈಯ ಎರಡೂ ಬದಿಗೆ ಇರುವ ಗೆರೆಯಿಂದ ನೀರಿನ ಅಲುಗಾಟವನ್ನು ಅರಿಯುತ್ತದೆ.

ಹಿಂಡು ಕಟ್ಟುವುದಾದರೂ ಯಾಕೆ? ಒಂಟಿ ಕುರಿಗೆ ತೋಳದ ಕಾಟ ಹೆಚ್ಚಲ್ಲವೇ? ಇಲ್ಲಿಯೂ ಹಾಗೆಯೇ. ನೂರು ಮೀನು ಒಟ್ಟಿಗೆ ಹೊರಳುವಾಗ ಬೇಟೆಯ ಮೀನಿಗೆ ಒಂದರ ಮೇಲೆ ಗುರಿ ನಿಲ್ಲುವುದಿಲ್ಲ.

ಸರಿ, ತಮ್ಮವರು ಯಾರೆಂದು ಮೀನಿಗೆ ಗೊತ್ತಾಗುವುದು ಹೇಗೆ? ರೂಪ, ಬಣ್ಣ, ವಾಸನೆಗಳಿಂದ. ಗಾಜಿನ ತೊಟ್ಟಿಯಲ್ಲಿ ಸಾಕುವ ಜೀಬ್ರಾ ಮೀನು ನಮ್ಮ ದೇಶದ್ದೇ. ಅದರ ಮೈಮೇಲೆ ಪಟ್ಟೆಗಳಿವೆ. ಇದರ ಮರಿಗಳನ್ನು ಪಟ್ಟೆಯಿಲ್ಲದವುಗಳ ಜೊತೆ ಬೆಳೆಸಿದರೆ, ದೊಡ್ಡವಾದ ಮೇಲೂ ಅವು ಪಟ್ಟೆಯಿಲ್ಲದವುಗಳ ಕಡೆಗೇ ಹೋಗುತ್ತವೆಂದು 2004ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಜೊತೆಗೆ ಬೆಳೆದವರೇ ನೆಂಟರು!

ಇನ್ನೊಂದು ಸಂಗತಿ. ಗೆಂಡೆಗೆ ಹತ್ತಿರದ ಒಂದು ಸಣ್ಣ ಮೀನಿನ ಚರ್ಮಕ್ಕೆ ಗಾಯವಾದರೆ ನೀರಿಗೆ ಒಂದು ರಸ ಸೇರುತ್ತದೆ, ಅದರ ವಾಸನೆಗೆ ಸಂಗಡಿಗ ಮೀನುಗಳು ಬೆದರುತ್ತವೆ ಎಂದು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ 1938ರಲ್ಲಿ ಬರೆದರು. ಆದ್ದರಿಂದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಹೊಂಡಕ್ಕೆ ಬಿಡುವಾಗ ಒರಟಾಗಿ ಹಿಡಿಯಬೇಡಿ. ಮರಿ ತಂದ ಚೀಲವನ್ನು ಕಾಲು ಗಂಟೆ ಹೊಂಡದ ನೀರಿನಲ್ಲೇ ತೇಲಿಸಿ, ಚೀಲದ ನೀರೂ ಹೊಂಡದ ನೀರೂ ಒಂದೇ ಹದಕ್ಕೆ ಬಂದ ಮೇಲೆ ಮರಿಗಳನ್ನು ನಿಧಾನವಾಗಿ ಬಿಡಿ.

ಹೊಂಡದಲ್ಲಿ ಕೆಂಪು ಮರಿಗಳ ಒತ್ತಾದ ಗುಂಪು ಕಂಡರೆ ಹಿಗ್ಗಬೇಡಿ. ಅವು ಕೊರವನ ಮರಿಗಳಿರಬಹುದು. ತಂದೆತಾಯಿ ಕೆಳಗೆ ಕಾವಲಿರುತ್ತವೆ. ನಿಮ್ಮ ಗೆಂಡೆ ಮರಿಗಳೇ ಅವಕ್ಕೆ ಊಟ. ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ.

ಕಡೆಯ ಮಾತು, ಬಹಳ ಮುಖ್ಯವಾದದ್ದು. ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅದು ಹಿಂಡಿನ ಆಟವಲ್ಲ, ಹಸಿವೂ ಅಲ್ಲ. ನೀರಿನಲ್ಲಿ ಪ್ರಾಣವಾಯು ತೀರಿದೆ. ಹಿಂಡು ಒಟ್ಟಿಗೆ ಓಡಾಡುತ್ತದೆ, ನೆರಳು ಬಿದ್ದರೆ ಸರ್ರನೆ ಮುಳುಗುತ್ತದೆ; ಉಸಿರು ಕಟ್ಟಿದ ಮೀನು ನಿಂತಲ್ಲೇ ನಿಲ್ಲುತ್ತದೆ. ಕೂಡಲೇ ಹೊಸ ನೀರು ಹಾಯಿಸಿ, ಪಂಪಿನ ನೀರನ್ನು ಎತ್ತರದಿಂದ ಸುರಿಸಿ, ಸಗಣಿ ಗೊಬ್ಬರವನ್ನೂ ಮೇವನ್ನೂ ನಿಲ್ಲಿಸಿ. ತಡಮಾಡಿದರೆ ವರ್ಷದ ದುಡಿಮೆ ಬೆಳಗಾಗುವುದರೊಳಗೆ ತೇಲಿಬಿಡುತ್ತದೆ.

ದಿನವೂ ಹೊತ್ತು ಮೂಡುವ ಮುನ್ನ ಒಮ್ಮೆ ಹೊಂಡದ ಬದುವಿನ ಮೇಲೆ ನಡೆದು ನೋಡಿ.